ದಮ್ಮು, ಸೂಜಿ ಮತ್ತು ಫ್ರಿಜ್ಜು

ಹುಕ್ಕೇರಿಯಲ್ಲಿರುವ ನಮ್ಮಕ್ಕನ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಾತೇಲಿಗೂ ಕೆಂಪು ಖಾರದ ಡಬ್ಬಿಗೂ ನಡುವೆ, ಒಂದು ಚಿಕ್ಕ ರಟ್ಟಿನ ಪೆಟ್ಟಿಗೆ ಇರುತ್ತದೆ. ಮನೆಯ ಮಕ್ಕಳು ಅದನ್ನು ಮುಟ್ಟುವಂತಿಲ್ಲ. ನಾಲ್ಕು ವಾರಕ್ಕೊಮ್ಮೆ ರವಿವಾರ ಮುಂಜಾನೆ ಅಕ್ಕ ಅದನ್ನು ಹೊರಗೆ ತೆಗೆದಿಟ್ಟು, ತಂಪು ಇಳಿಯಲೆಂದು ಅರ್ಧ ತಾಸು ಕಾಯುತ್ತಾಳೆ. ಆಮೇಲೆ ಕೈ ತೊಳೆದು, ತೊಡೆಯ ಮೇಲೆ ಸ್ಪಿರಿಟ್ ಒರೆಸಿ, ತನ್ನ ಕೈಯಿಂದಲೇ ತನಗೆ ಸೂಜಿ ಚುಚ್ಚಿಕೊಳ್ಳುತ್ತಾಳೆ. ಮೊದಲ ಮೂರು ಸಲ ಆಸ್ಪತ್ರೆಯಲ್ಲಿ ನರ್ಸ್ ಎದುರಿಗೆ ಆಗಿತ್ತು. ಮನೆಯಲ್ಲಿ ಮೊದಲ ಸಲ ಮಾಡಿಕೊಂಡ ದಿನ ನಾನು ಅಲ್ಲಿದ್ದೆ. ಆಕೆಯ ಕೈ ನಡುಗಲಿಲ್ಲ, ನನ್ನ ಕೈ ನಡುಗಿತು. “ತಮ್ಮಾ, ಇತಿಹಾಸ ಓದಾಂವ ನೀ, ಇಷ್ಟಕ್ಕ ಅಂಜತಿ?” ಎಂದು ನಕ್ಕಳು.

ಅವಳ ನಗೆಯಲ್ಲಿ ಒಂದು ಪ್ರಶ್ನೆ ಇತ್ತು ಎಂದು ನನಗೆ ಆಮೇಲೆ ಅನ್ನಿಸಿತು. ಈ ಸೂಜಿ ಇಲ್ಲಿಗೆ, ಈ ಕೈಗೆ, ಯಾವ ದಾರಿಯಿಂದ ಬಂತು?

ನಮ್ಮ ಕಡೆ ಅಸ್ತಮಾಕ್ಕೆ ದಮ್ಮು ಎನ್ನುತ್ತಾರೆ. ಉಬ್ಬಸ, ಗೂರಲು ಎಂಬ ಮಾತುಗಳೂ ಇವೆ. ಚರಕ ಸಂಹಿತೆ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಂಗಡಿಸುತ್ತದೆ. ಮಲಗಿದರೆ ಹೆಚ್ಚಾಗುವ, ಎದ್ದು ಕೂತರೆ ತುಸು ಹಗುರಾಗುವ ತಮಕ ಶ್ವಾಸದ ವರ್ಣನೆ ಓದುವಾಗಲೆಲ್ಲ ಮೂಡಲಗಿ ಹತ್ತಿರದ ಹಳ್ಳಿಯಲ್ಲಿ ಕಂಬಕ್ಕೆ ಒರಗಿ ರಾತ್ರಿ ಕಳೆಯುತ್ತಿದ್ದ ನನ್ನ ಅಜ್ಜ, ಅವ್ವನ ಅಪ್ಪ, ಕಣ್ಣಿಗೆ ಬರುತ್ತಾನೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಸುಡುವ ದಿನಗಳಲ್ಲಿ ಅವನ ಎದೆಯ ಸಿಳ್ಳು ಪಡಸಾಲಿಯ ತನಕ ಕೇಳುತ್ತಿತ್ತು.

ಅಜ್ಜನ ಕಾಲದ ಹಿರಿಯರು ಮದಗುಣಕಿ ಎಲೆ ಒಣಗಿಸಿ ಚಿಲುಮೆಯಲ್ಲಿ ಸೇದುತ್ತಿದ್ದರಂತೆ. ಅದು ವಿಷದ ಗಿಡ, ಈಗ ಯಾರೂ ಮಾಡಬಾರದ ಕೆಲಸ. ಆದರೆ ಇತಿಹಾಸದಲ್ಲಿ ಆ ಹೊಗೆಗೆ ದೊಡ್ಡ ಜಾಗವಿದೆ. ಮದ್ರಾಸಿನಲ್ಲಿ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ದತ್ತೂರದ ಹೊಗೆಯ ಉಪಯೋಗವನ್ನು ಇಲ್ಲಿ ಕಂಡುಕೊಂಡ. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿಯ ಮೂಲಕ ಅದು ಬ್ರಿಟನ್ನಿಗೆ ಹೋಯಿತು. ಮುಂದಿನ ನೂರು ವರ್ಷ ಯುರೋಪಿನ ಅಸ್ತಮಾ ರೋಗಿಗಳು ಅದೇ ಕುಲದ ಗಿಡದ ಸಿಗರೇಟು, ಪುಡಿಗಳ ಹೊಗೆ ಕುಡಿದರು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನ ಕೋಣೆಯಲ್ಲಿ ತುಂಬಿರುತ್ತಿದ್ದುದೂ ಇಂಥದೇ ಹೊಗೆ. ಈ ಔಷಧಕ್ಕೆ ವೈದ್ಯ ಎದುರಿಗೆ ಇರಬೇಕಾಗಿರಲಿಲ್ಲ. ದಮ್ಮಿನ ಔಷಧ ಮೊದಲು ಮನೆಯಲ್ಲೇ ಇತ್ತು, ರೋಗಿಯ ಕೈಯಲ್ಲೇ ಇತ್ತು.

ಸೂಜಿಯ ಕಥೆ ಬೇರೆ. ಅದು ನಮ್ಮ ಸೀಮೆಯ ಜನರ ಮೈಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಪ್ಲೇಗಿನ ಜೊತೆಗೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಬೆಳಗಾವಿ, ಧಾರವಾಡ ಸೀಮೆಗೂ ಇಳಿಯಿತು. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಮರುವರ್ಷ ಹುಬ್ಬಳ್ಳಿಯೊಂದರಲ್ಲೇ 30,000ಕ್ಕೂ ಹೆಚ್ಚು ಜನರಿಗೆ ಆ ಸೂಜಿ ಬಿತ್ತು. ಜನ ಅಂಜಿದ್ದಕ್ಕೆ ಕಾರಣವೂ ಇತ್ತು. ಸೂಜಿಯ ಹಿಂದೆ ಸರಕಾರವಿತ್ತು, ಮನೆ ತಪಾಸಣೆಯಿತ್ತು, ಊರ ಹೊರಗಿನ ಗುಡಿಸಲುಗಳಿದ್ದವು. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್ಕಿನ್ನನದಲ್ಲ ಎಂಬುದು ಒಪ್ಪಿತವಾಗುವ ಹೊತ್ತಿಗೆ ಐದು ವರ್ಷ ಕಳೆದಿದ್ದವು. ಸೂಜಿ ಎಂದರೆ ಮೇಲಿನವರು ಹಾಕುವುದು, ಕೆಳಗಿನವರು ಹಾಕಿಸಿಕೊಳ್ಳುವುದು ಎಂಬ ಭಾವನೆ ಬೇರೂರಿದ್ದು ಆ ಕಾಲದಲ್ಲಿ ಇರಬೇಕು ಎಂದು ನನ್ನ ಊಹೆ. ಇಂದಿಗೂ ನಮ್ಮಲ್ಲಿ “ಸೂಜಿ ಮಾಡಿಸಿಕೊಂಡು ಬಂದೆ” ಎನ್ನುತ್ತಾರೆ. “ಮಾಡಿಕೊಂಡೆ” ಎನ್ನುವವರು ಕಡಿಮೆ.

ದಮ್ಮಿಗೆ ಸೂಜಿ ಬಂದದ್ದು 1903ರಲ್ಲಿ. ಜಪಾನಿನ ಜೋಕಿಚಿ ತಾಕಾಮಿನೆ ಕೆಲವೇ ವರ್ಷ ಹಿಂದೆ ಬೇರ್ಪಡಿಸಿದ್ದ ಅಡ್ರಿನಲಿನ್ ಅನ್ನು ನ್ಯೂಯಾರ್ಕಿನ ಬುಲೋವಾ ಮತ್ತು ಕಪ್ಲಾನ್ ಅಸ್ತಮಾ ರೋಗಿಗಳ ಚರ್ಮದಡಿ ಕೊಟ್ಟು ನೋಡಿದರು. ನಿಮಿಷಗಳಲ್ಲಿ ಉಸಿರು ತೆರೆಯಿತು. ಆಗಿನಿಂದ ದಮ್ಮು ಹೆಚ್ಚಾದ ರಾತ್ರಿ ಎಂದರೆ ಸೂಜಿಯವನನ್ನು ಕರೆತರುವ ರಾತ್ರಿ ಎಂದಾಯಿತು. ಸೂಜಿ ಇಲ್ಲದ ರಾತ್ರಿಯ ಪ್ರಸಿದ್ಧ ದಾಖಲೆ ಚೆ ಗುವಾರನ ಬೊಲಿವಿಯಾದ ದಿನಚರಿ. ಬಾಲ್ಯದಿಂದಲೇ ಅಸ್ತಮಾ ಇದ್ದ, ಸ್ವತಃ ವೈದ್ಯನೂ ಆಗಿದ್ದ ಅವನು ಕಾಡಿನಲ್ಲಿ ಔಷಧ ಮುಗಿದಾಗ ಸಿಕ್ಕದ್ದನ್ನೇ ಚುಚ್ಚಿಕೊಂಡು ನೋಡಿದ. 1967ರ ಜುಲೈಯಲ್ಲಿ ಅವನ ಸಂಗಡಿಗರು ಸಮೈಪಾತಾ ಎಂಬ ಊರಿಗೆ ನುಗ್ಗಿ ತಂದ ಔಷಧಗಳಲ್ಲಿ ಅವನ ದಮ್ಮಿಗೆ ಬೇಕಾದದ್ದು ಇರಲಿಲ್ಲ.

ನಮ್ಮ ಅಜ್ಜನ ಸೂಜಿ ಊರಿನ ಕಂಪೌಂಡರನ ಹತ್ತಿರ ಇತ್ತು. ದಮ್ಮು ಏರಿದಾಗ ಡೆರಿಫಿಲಿನ್ ಕೊಟ್ಟರೆ ಅಜ್ಜ ಎದ್ದು ಕೂಡುತ್ತಿದ್ದ. ಪಂಪು ಕೊಡಿಸೋಣ ಎಂದರೆ, “ಪಂಪ್ ಹಿಡದ್ರ ಬಿಡಾಕ ಬರೂದಿಲ್ಲ” ಎಂದು ಬೇಡವೆನ್ನುತ್ತಿದ್ದ. ಊರಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಅಷ್ಟರಲ್ಲಿ ಇನ್‌ಹೇಲರ್ ಹೊಸ ವಸ್ತುವೇನೂ ಆಗಿರಲಿಲ್ಲ. 1956ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು 1978ರ ಹೊತ್ತಿಗೆ ಸಿಪ್ಲಾದ ಮೂಲಕ ಭಾರತದಲ್ಲೇ ತಯಾರಾಗುತ್ತಿತ್ತು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನ ಮೀನಿನ ಔಷಧಕ್ಕೆ ಹೋಗುವ ಗುಂಪಿನೊಂದಿಗೆ ಅಜ್ಜನೂ ಒಮ್ಮೆ ಹೋಗಿಬಂದಿದ್ದ. ಆ ಮೀನಿನಿಂದ ಅಸ್ತಮಾ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದರೆ ಅಷ್ಟು ದೂರ ಹೋಗುವವರ ದಣಿವು ಸುಳ್ಳಲ್ಲ. ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಒಂದು ಚಳಿಗಾಲದ ರಾತ್ರಿ, ಕಂಪೌಂಡರ್ ಮದುವೆಗೆಂದು ಪರವೂರಿಗೆ ಹೋಗಿದ್ದ. ಟೆಂಪೋ ಹುಡುಕಿ ಗೋಕಾಕದ ದಾರಿ ಹಿಡಿಯುವಷ್ಟರಲ್ಲಿ ಅಜ್ಜ ಹೋಗಿಬಿಟ್ಟಿದ್ದ.

ಅಕ್ಕನ ಸೂಜಿ ಬೇರೆ ಜಾತಿಯದು. ಅದರ ಹುಟ್ಟಿನಲ್ಲೂ ತನ್ನ ಮೈಗೆ ತಾನೇ ಒಡ್ಡಿಕೊಂಡವರು ಇದ್ದಾರೆ. 1921ರಲ್ಲಿ ಜರ್ಮನಿಯಲ್ಲಿ ಹೈಂಜ್ ಕ್ಯುಸ್ಟ್ನರ್ ಎಂಬ ವೈದ್ಯನಿಗೆ ಮೀನು ಆಗುತ್ತಿರಲಿಲ್ಲ. ಅವನ ರಕ್ತದ ಸೀರಮ್ಮನ್ನು ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಜ್ ತನ್ನ ಚರ್ಮಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಸೋಕಿಸಿದಾಗ ದದ್ದು ಎದ್ದಿತು. ಒಗ್ಗದಿಕೆ ರಕ್ತದಲ್ಲಿರುವ ಯಾವುದೋ ವಸ್ತುವಿನಿಂದ ಬರುತ್ತದೆ ಎಂದು ಗೊತ್ತಾಯಿತು. ಆ ವಸ್ತು ಯಾವುದೆಂದು ತಿಳಿಯಲು ಮತ್ತೆ 45 ವರ್ಷ ಬೇಕಾದವು. 1966-67ರಲ್ಲಿ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ, ಹಾಗೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್, ಬೇರೆಬೇರೆಯಾಗಿ ಅದನ್ನು ಗುರುತಿಸಿದರು. 1968ರಲ್ಲಿ ಅದಕ್ಕೆ ಐಜಿಇ ಎಂದು ಹೆಸರಾಯಿತು. ಇಶಿಜಾಕಾ ದಂಪತಿ ಕೂಡ ಪರೀಕ್ಷೆಗೆ ತಮ್ಮ ಚರ್ಮವನ್ನೇ ಬಳಸಿದ್ದರು.

1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ಬೆಳೆಸುವ ವಿಧಾನ ಕಂಡುಹಿಡಿದರು. ಎರಡೂ ದಾರಿ ಕೂಡಿದ ಜಾಗದಲ್ಲಿ ಹುಟ್ಟಿದ್ದು ಒಮಾಲಿಝುಮ್ಯಾಬ್. ರಕ್ತದಲ್ಲಿ ತಿರುಗುವ ಐಜಿಇಯನ್ನು ಹಿಡಿದು, ಅದು ಅಲರ್ಜಿಯ ಜೀವಕೋಶಗಳಿಗೆ ಅಂಟದಂತೆ ಮಾಡುವುದು ಅದರ ಕೆಲಸ. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ಅಪರೂಪಕ್ಕೆ ಜೀವಕ್ಕೇ ಎರವಾಗುವ ಅಲರ್ಜಿ ಆಗಬಹುದೆಂದು 2007ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿತು. ಹಾಗಾಗಿ ಬಹಳ ವರ್ಷ ಅದು ಆಸ್ಪತ್ರೆಯ ಸೂಜಿಯಾಗಿಯೇ ಉಳಿಯಿತು. ಈ ನಡುವೆ ಬೇರೆ ಗುರಿಗಳ ಮೇಲೆ ಕೆಲಸ ಮಾಡುವ ಮೆಪೋಲಿಝುಮ್ಯಾಬ್, ಬೆನ್ರಾಲಿಝುಮ್ಯಾಬ್, ಡುಪಿಲುಮ್ಯಾಬ್ ಬಂದವು. ಮೆಪೋಲಿಝುಮ್ಯಾಬನ್ನು 2019ರಲ್ಲಿ, ಒಮಾಲಿಝುಮ್ಯಾಬನ್ನು 2021ರಲ್ಲಿ ಮನೆಯಲ್ಲೇ ತೆಗೆದುಕೊಳ್ಳಲು ಅಮೆರಿಕ ಅನುಮತಿಸಿತು. ಕೊರೊನಾ ಕಾಲ ಈ ಬದಲಾವಣೆಯನ್ನು ಇನ್ನಷ್ಟು ಮುಂದೆ ತಳ್ಳಿತು.

ಈ ಔಷಧ ಎಲ್ಲ ದಮ್ಮಿನವರಿಗೂ ಅಲ್ಲ. ಹೆಚ್ಚಿನವರಿಗೆ ಇನ್‌ಹೇಲರನ್ನು ಸರಿಯಾಗಿ ಬಳಸಿದರೆ ಸಾಕು. ದೊಡ್ಡ ಪ್ರಮಾಣದ ಇನ್‌ಹೇಲರಿಗೂ ಬಗ್ಗದ, ಪದೇಪದೇ ಸ್ಟೀರಾಯ್ಡ್ ಗುಳಿಗೆ ನುಂಗಬೇಕಾಗುವ ಅಕ್ಕನಂಥವರಿಗೆ ಇದು. ಐಜಿಇ ಮಟ್ಟ ಮತ್ತು ಮೈತೂಕ ನೋಡಿ ಪ್ರಮಾಣ ನಿಗದಿ ಮಾಡುತ್ತಾರೆ. ಏರಿದ ದಮ್ಮನ್ನು ತಕ್ಷಣ ಇಳಿಸುವ ಶಕ್ತಿಯೂ ಇದಕ್ಕಿಲ್ಲ, ಅದಕ್ಕೆ ಪಂಪೇ ಬೇಕು. ಅಂದರೆ ಆ ರಾತ್ರಿ ಅಜ್ಜನ ಕೈಯಲ್ಲಿ ಅಕ್ಕನ ಸೂಜಿ ಇದ್ದಿದ್ದರೂ ಅವನು ಉಳಿಯುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆಗಲೇ ಗೋಕಾಕದ ಔಷಧದಂಗಡಿಯಲ್ಲಿ ಸಿಗುತ್ತಿತ್ತು. ಇದನ್ನು ಬರೆಯುವುದು ನನಗೆ ಸುಲಭವಲ್ಲ.

ಸೂಜಿ ಮನೆಗೆ ಬರಬೇಕಾದರೆ ಮೊದಲು ತಂಪು ಮನೆಗೆ ಬರಬೇಕು. ಒಮಾಲಿಝುಮ್ಯಾಬನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂಬಾರದು, ಬೆಚ್ಚಗಾಗಲೂಬಾರದು. ಈ ದೃಷ್ಟಿಯಿಂದ ನೋಡಿದರೆ ಅಕ್ಕನ ಫ್ರಿಜ್ಜಿಗೂ ಒಂದು ಇತಿಹಾಸವಿದೆ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನ ಶಕ್ತಿಯಿಂದ ಹತ್ತಿ ಗಿರಣಿ ನಡೆಸತೊಡಗಿದ್ದು 1880ರ ದಶಕದಲ್ಲಿ. ಆದರೆ ಆ ಶಕ್ತಿ ಗಿರಣಿಯದು, ಸುತ್ತಲ ಹಳ್ಳಿಯ ಮನೆಗಳದಲ್ಲ. ಹಳ್ಳಿಗಳಿಗೆ ವಿದ್ಯುತ್ ಮುಟ್ಟಿಸಲು ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಕಟ್ಟಿದ ಐದು ಗ್ರಾಮೀಣ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. 1969ರಲ್ಲಿ ಸ್ಥಾಪನೆಯಾದ ಅದು ಇಂದಿಗೂ ತಾಲೂಕಿಗೆ ವಿದ್ಯುತ್ ಹಂಚುತ್ತಿದೆ. ಅಕ್ಕನ ಡಬ್ಬಿ ತಂಪಾಗಿರುವುದರ ಹಿಂದೆ ಕೇಂಬ್ರಿಜ್ ಎಷ್ಟಿದೆಯೋ ಈ ಸಂಘವೂ ಅಷ್ಟೇ ಇದೆ.

ಹಾಗೆಂದು ಎಲ್ಲ ಸರಿಹೋಯಿತು ಎನ್ನಲಾರೆ. ಕರೆಂಟ್ ಹೋದರೆ ಅಕ್ಕ ಫ್ರಿಜ್ಜಿನ ಬಾಗಿಲು ತೆಗೆಯಗೊಡುವುದಿಲ್ಲ. ಬಳಸಿದ ಸಿರಿಂಜುಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಬೆಳಗಾವಿಯ ಆಸ್ಪತ್ರೆಗೇ ಮರಳಿಸುತ್ತಾಳೆ. ಕಸದ ಗಾಡಿಯವರ ಕೈಗೆ ಸೂಜಿ ಚುಚ್ಚಬಾರದಲ್ಲ. ಬೆಲೆಯ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಶಿಕ್ಷಕಿಯ ಸಂಬಳ ಇರುವುದರಿಂದ ನಡೆಯುತ್ತಿದೆ, ಕಬ್ಬು ಕಡಿಯುವ ಕೂಲಿಯವರಿಗೆ ನಡೆಯುವುದಿಲ್ಲ. 2025ರ ಮಾರ್ಚಿನಲ್ಲಿ ಅಮೆರಿಕ ಒಮಾಲಿಝುಮ್ಯಾಬಿನ ಮೊದಲ ಬಯೋಸಿಮಿಲರ್‌ಗೆ ಒಪ್ಪಿಗೆ ಕೊಟ್ಟಿದೆ. ಪೈಪೋಟಿ ಬಂದರೆ ಬೆಲೆ ಇಳಿಯಬಹುದೆಂಬ ಆಸೆ ಇದೆ. ಮದಗುಣಕಿಯ ಹೊಗೆಗೆ ದುಡ್ಡು ಬೇಕಿರಲಿಲ್ಲ, ಆದರೆ ಜೀವಕ್ಕೆ ಅಪಾಯವಿತ್ತು. ಈ ಸೂಜಿಯಲ್ಲಿ ಅಪಾಯ ಕಡಿಮೆ, ದುಡ್ಡು ಬಹಳ. ನಡುವಿನ ಪಂಪು ಸೋವಿ ಇದ್ದೂ, ಹತ್ತಿರವಿದ್ದೂ, ನಾಚಿಕೆಯ ದೆಸೆಯಿಂದ ಎಷ್ಟೋ ಮನೆಗಳಲ್ಲಿ ಇನ್ನೂ ದೂರವೇ ಇದೆ.

ಹೋದ ತಿಂಗಳು ಅಕ್ಕನಲ್ಲಿಗೆ ಅವ್ವನೂ ಬಂದಿದ್ದಳು. ಅಕ್ಕ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಾಗ ಅವ್ವ ಬಹಳ ಹೊತ್ತು ನೋಡುತ್ತ ಕೂತಿದ್ದಳು. ಆಮೇಲೆ, “ನಮ್ಮಪ್ಪಗ ಯಾರರೆ ಹಿಂಗ ಕೂಡಿಸಿ ಕಲಿಸಿದ್ರ ಅಂವನೂ ಪಂಪ್ ಹಿಡೀತಿದ್ದ” ಎಂದಳು. ಅಕ್ಕ ಮಾತಾಡಲಿಲ್ಲ. ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಮುಂದಿನ ರವಿವಾರಕ್ಕೆ ಗುರುತು ಹಾಕಿದಳು.