ದಂಡಿನ ಊರಿನಲ್ಲಿ ಕಡಲ ನೀರು: ಶೋಧಕದ ಎರಡು ವಂಶಗಳು

೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ನಿಲ್ದಾಣದವರೆಗೆ ರೈಲು ಹಾದಿ ತೆರೆದ ಮೇಲೆ, ಮದರಾಸಿನ ಕಡಲಿಗೂ ಈ ಊರಿಗೂ ನಡುವಣ ದೂರವು ದಿನಗಳ ಲೆಕ್ಕದಿಂದ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಹಿಂದೆ ಬ್ಲ್ಯಾಕ್‌ಪಲ್ಲಿಯೆನಿಸಿದ್ದ ಶಿವಾಜಿನಗರದಲ್ಲಿ ೧೯೨೭ರಲ್ಲಿ ರಸೆಲ್ ಮಾರುಕಟ್ಟೆ ಎದ್ದಿತು. ಮಂಜುಗಡ್ಡೆಯ ಮೇಲೆ ಮಲಗಿ ಬರುವ ಕಡಲ ಮೀನು ಅಲ್ಲಿ ದೊರೆಯುವುದು ಎಲ್ಲರೂ ಬಲ್ಲ ಸಂಗತಿ. ಸತ್ತ ಮೀನಿಗೆ ರೈಲೂ ಮಂಜುಗಡ್ಡೆಯೂ ಸಾಕು. ಜೀವಂತವಾದ ಕಡಲ ಮೀನನ್ನು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಎತ್ತರದಲ್ಲಿರುವ ಈ ಊರಿನಲ್ಲಿ ಉಳಿಸಿಕೊಳ್ಳಬೇಕಾದರೆ ಕಡಲನ್ನೇ ಇಲ್ಲಿಗೆ ತರಬೇಕಾಗುತ್ತದೆ. ತಂದ ಮೇಲೆ ಅದನ್ನು ಕೆಡದಂತೆ ಕಾಪಾಡಬೇಕಾಗುತ್ತದೆ.

ಹಲಸೂರಿನ ಶಾಲೆಯೊಂದರಲ್ಲಾಗಲಿ ಇಂದಿರಾನಗರದ ಮನೆಯೊಂದರಲ್ಲಾಗಲಿ ಐದು ಸಾವಿರ ಲೀಟರು ಹಿಡಿಯುವ ಉಪ್ಪುನೀರಿನ ಗಾಜಿನ ಕೊಳವನ್ನು ನಿಲ್ಲಿಸಬೇಕೆಂದು ಸಂಕಲ್ಪಿಸಿದವರು ಮೊದಲು ಕೇಳುವ ಪ್ರಶ್ನೆ, ಯಾವ ಫಿಲ್ಟರನ್ನು ಕೊಳ್ಳಬೇಕೆಂಬುದು. ಇದು ಅಂಗಡಿಯವರು ಬಗೆಹರಿಸಬೇಕಾದ ಮಾತು, ವಿದ್ವತ್ಪತ್ರಿಕೆಗೆ ಸಲ್ಲದು ಎಂದು ಕೆಲವರಿಗೆ ತೋರಬಹುದು. ಆದರೆ ಫಿಲ್ಟರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವಂಶದ ಯಂತ್ರಗಳು ಅಡಗಿವೆ. ಅವುಗಳ ಚರಿತ್ರೆಯನ್ನು ಅರಿಯದೆ ಆರಿಸಲು ಹೊರಟವರು ಮೀನುಗಳ ಪ್ರಾಣವನ್ನು ಬೆಲೆಯಾಗಿ ತೆರುತ್ತಾರೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕನ್ನಡದಲ್ಲಿ ‘ತಿಳಿ’ ಎಂಬ ಮಾತು ನೀರಿಗೂ ಬುದ್ಧಿಗೂ ಸಮಾನವಾಗಿ ಸಲ್ಲುತ್ತದೆ. ತಿಳಿಯಾದ ನೀರು ಶುದ್ಧವಾದ ನೀರೇ ಸರಿಯೆಂಬ ಭಾವನೆ ನಮ್ಮ ನುಡಿಯಲ್ಲಿಯೇ ಬೇರೂರಿದೆ. ಕದಡಿದ ನೀರನ್ನು ತಿಳಿಗೊಳಿಸಲು ನಮ್ಮ ಪೂರ್ವಿಕರು ಬಳಸುತ್ತಿದ್ದುದು ಚಿಲ್ಲದ ಬೀಜ. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು. ಮಡಕೆಯ ಒಳಮೈಗೆ ಈ ಬೀಜವನ್ನು ತೇದರೆ ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಕತಕದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ದೃಷ್ಟಾಂತವು ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಬರುವುದನ್ನು ವಾಚಕರು ಬಲ್ಲರು. ಪಟಿಕವು ಮಾಡುವ ಕೆಲಸವೂ ಇದೇ.

ದಂಡಿನ ಕುಡಿಯುವ ನೀರಿನ ಚರಿತ್ರೆಯು ಈ ಮೊದಲನೆಯ ವಂಶಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ದಂಡು ನೆಲಸಿದಾಗ ಹಲಸೂರಿನ ಕೆರೆ ಅದಕ್ಕೆ ಒಂದು ಆಧಾರವಾಗಿತ್ತು. ಬಳಿಕ ೧೮೭೩ರಲ್ಲಿ ಮಿಲ್ಲರ್ ಕೆರೆಗಳೂ ೧೮೮೨ರಲ್ಲಿ ಸ್ಯಾಂಕಿ ಕೆರೆಯೂ ಆದುವು. ೧೮೯೬ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದಿತು. ಆ ನೀರನ್ನು ಸೋಸಿದ ಮಲ್ಲೇಶ್ವರದ ಕಟ್ಟಡವನ್ನು ಜನರು ‘ಜ್ಯುವೆಲ್ ಫಿಲ್ಟರ್’ ಎಂದೇ ಕರೆಯುತ್ತಾರೆ. ಈ ಹೆಸರು ರತ್ನವಾಚಕವಲ್ಲ. ಅಮೆರಿಕದ ಜ್ಯುವೆಲ್ ಎಂಬವರು ರೂಪಿಸಿದ ಯಂತ್ರಶೋಧಕದಿಂದ ಬಂದುದು. ಪಟಿಕದಿಂದ ಕಣಗಳನ್ನು ಗಂಟುಗೂಡಿಸಿ, ನೀರನ್ನು ಮರಳಿನ ಮೂಲಕ ವೇಗವಾಗಿ ಹಾಯಿಸಿ, ಮರಳನ್ನು ಮತ್ತೆ ಮತ್ತೆ ತೊಳೆದು ಬಳಸುವುದು ಇದರ ಕ್ರಮ. ಕತಕದ ಮೊಮ್ಮಗನೆಂದರೂ ಸಲ್ಲುತ್ತದೆ.

ಇದಕ್ಕಿಂತ ಹಳೆಯದು, ೧೮೨೯ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ ನಿರ್ಮಿಸಿದ ಮಂದಗತಿಯ ಮರಳುಹಾಸು. ೧೮೯೨ರಲ್ಲಿ ಹ್ಯಾಂಬರ್ಗ್ ನಗರವು ಕಾಲರಾದಿಂದ ತತ್ತರಿಸಿದಾಗ, ಅದೇ ಎಲ್ಬ್ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದ ನೆರೆಯ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಮರಳಿನ ಮೇಲೆ ಕಟ್ಟುವ ಲೋಳೆಯ ಪದರಿನಲ್ಲಿಯೇ ಗುಣವಿದೆಯೆಂಬುದನ್ನು ರಾಬರ್ಟ್ ಕೋಕನು ಎತ್ತಿ ತೋರಿಸಿದನು. ಆ ಲೋಳೆಯು ಜೀವವುಳ್ಳದ್ದು. ವೇಗದ ಶೋಧಕದಲ್ಲಿ ಅದು ನೆಲೆ ನಿಲ್ಲುವುದಿಲ್ಲ; ತೊಳೆದಾಗಲೆಲ್ಲ ಹೊರಟುಹೋಗುತ್ತದೆ. ಕುಡಿಯುವ ನೀರಿಗೆ ಕ್ಲೋರಿನ್ ಆ ಕೊರತೆಯನ್ನು ತುಂಬಿತು. ಮೀನಿನ ಕೊಳಕ್ಕೆ ಕ್ಲೋರಿನ್ ವಿಷ.

ಇನ್ನು ಎರಡನೆಯ ವಂಶ. ೧೮೫೦ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಜ್ಞನು ಮೀನು, ಬಸವನಹುಳು, ನೀರಸಸ್ಯಗಳನ್ನು ಒಂದೇ ಪಾತ್ರೆಯಲ್ಲಿಟ್ಟು ನೀರನ್ನು ಬದಲಿಸದೆ ಬಾಳಿಸಬಹುದೆಂದು ವರದಿ ಮಾಡಿದನು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಸಸ್ಯವೇ ಎಲ್ಲವನ್ನೂ ಸರಿದೂಗಿಸುವುದೆಂಬ ನಂಬಿಕೆಯು ಉಪ್ಪುನೀರಿನ ದೊಡ್ಡ ತೊಟ್ಟಿಗಳಲ್ಲಿ ಹುಸಿಯಾಯಿತು. ಅದನ್ನು ತಿದ್ದಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ೧೮೭೧ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯದಲ್ಲಿ ಅವನು ನೋಟದ ತೊಟ್ಟಿಗಳಿಗಿಂತ ಹಲವು ಮಡಿ ದೊಡ್ಡದಾದ ಕತ್ತಲೆಯ ನೆಲಮಾಳಿಗೆಯನ್ನು ಕಟ್ಟಿಸಿ, ಉಗಿಯಂತ್ರದಿಂದ ಕಡಲ ನೀರನ್ನು ಹಗಲಿರುಳೂ ಸುತ್ತಿಸಿದನು. ನೀರನ್ನು ಸೋಸುವುದಕ್ಕಿಂತ ಅದನ್ನು ಗಾಳಿಗೊಡ್ಡುವುದು ಮುಖ್ಯವೆಂಬುದು ಅವನ ಮತ. ಕಾರಣವನ್ನು ಅವನು ಪೂರ್ತಿಯಾಗಿ ಕಂಡಿರಲಾರನು. ೧೮೭೭ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಫ್ರೆಂಚ್ ವಿದ್ವಾಂಸರು ಕೊಚ್ಚೆನೀರನ್ನು ಮರಳಿನ ಮೂಲಕ ಇಳಿಯಬಿಟ್ಟು, ಅಮೋನಿಯವು ನೈಟ್ರೇಟಾಗುವುದು ಜೀವಿಗಳ ಕೆಲಸವೆಂದು ಸಿದ್ಧಪಡಿಸಿದರು. ಕ್ಲೋರೊಫಾರಂ ಆವಿಯನ್ನು ಹಾಯಿಸಿದೊಡನೆ ಆ ಕೆಲಸ ನಿಂತಿತು. ೧೮೯೦ರ ಸುಮಾರಿಗೆ ವಿನೊಗ್ರಾಡ್‌ಸ್ಕಿಯು ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿದನು.

ಮೀನಿನ ಕಿವಿರಿನಿಂದ ಹೊರಬೀಳುವ ಅಮೋನಿಯಕ್ಕೆ ಬಣ್ಣವಿಲ್ಲ. ನೀರಿನ ತಿಳಿತನಕ್ಕೆ ಅದರಿಂದ ಕುಂದಿಲ್ಲ. ಸ್ಫಟಿಕದಂತೆ ಹೊಳೆಯುವ ನೀರಿನಲ್ಲಿಯೇ ಮೀನು ಸಾಯುವುದು ಇದರಿಂದ. ಕಡಲ ನೀರು ಕ್ಷಾರಗುಣವುಳ್ಳದ್ದಾದುದರಿಂದ, ತಟಸ್ಥವಾದ ಸಿಹಿನೀರಿಗೆ ಹೋಲಿಸಿದರೆ ಅಮೋನಿಯದ ವಿಷಾಂಶವು ಅದರಲ್ಲಿ ಹತ್ತು ಮಡಿಗೂ ಮಿಗಿಲು. ತಿಳಿಗೊಳಿಸುವ ಶೋಧಕವು ಇದನ್ನು ಮುಟ್ಟಲಾರದು. ಮಾರ್ಪಡಿಸುವ ಶೋಧಕವೇ ಬೇಕು.

ಭಾರತದಲ್ಲಿ ಕಡಲ ಮೀನಿನ ಮನೆಗಳು ಮೊದಲು ಕಡಲ ದಂಡೆಯಲ್ಲಿಯೇ ಹುಟ್ಟಿದುವು. ಮದರಾಸಿನದು ೧೯೦೯ರಲ್ಲಿ ತೆರೆದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿತು. ಮುಂಬಯಿಯ ತಾರಾಪೊರ್‌ವಾಲಾ ಮತ್ಸ್ಯಾಲಯವು ೧೯೫೧ರದು. ಕಡಲು ಬಾಗಿಲಲ್ಲಿರುವವನಿಗೆ ಶೋಧಕದ ತಪ್ಪು ಅಷ್ಟು ದುಬಾರಿಯಲ್ಲ, ಹೊಸ ನೀರು ತರಬಹುದು. ೧೯೮೩ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯವು ಮುಖ್ಯವಾಗಿ ಸಿಹಿನೀರಿನ ಮೀನುಗಳಿಗೆ ಹೆಸರಾಯಿತು.

ನಮ್ಮ ಊರಿನ ಲೆಕ್ಕವೇ ಬೇರೆ. ಲೀಟರಿಗೆ ೩೫ ಗ್ರಾಂ ಉಪ್ಪಿನಂತೆ ಮೇಲೆ ಹೇಳಿದ ಕೊಳಕ್ಕೆ ೧೭೫ ಕಿಲೋಗ್ರಾಂ ಉಪ್ಪು ಬೇಕು. ೨೫ ಡಿಗ್ರಿ ಶಾಖದಲ್ಲಿ ಸಮುದ್ರಮಟ್ಟದ ಸಿಹಿನೀರು ಲೀಟರಿಗೆ ೮ ಮಿಲಿಗ್ರಾಮಿಗೆ ಸ್ವಲ್ಪ ಮೇಲ್ಪಟ್ಟು ಆಮ್ಲಜನಕವನ್ನು ಹಿಡಿಯುತ್ತದೆ. ಉಪ್ಪು ಬೆರೆತರೆ ಅದು ಏಳಕ್ಕಿಂತ ಕೆಳಗಿಳಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ವಾಯುವಿನ ಒತ್ತಡವೇ ಹತ್ತರಲ್ಲೊಂದು ಪಾಲು ಕಡಿಮೆಯಾದುದರಿಂದ ಸುಮಾರು ಆರಕ್ಕೆ ಬಂದು ನಿಲ್ಲುತ್ತದೆ. ಅಮೋನಿಯ ರೂಪದ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟಾಗಿಸಲು ನಾಲ್ಕೂವರೆ ಗ್ರಾಮಿಗಿಂತ ಹೆಚ್ಚು ಆಮ್ಲಜನಕ ಬೇಕು. ಎಂದರೆ ಇಲ್ಲಿಯ ಏಳುನೂರೈವತ್ತು ಲೀಟರು ಕಡಲ ನೀರಿನಲ್ಲಿರುವುದೆಲ್ಲವೂ! ಆಮ್ಲಜನಕದ ಅಭಾವವು ಏನು ಮಾಡಬಲ್ಲುದೆಂಬುದನ್ನು ೨೦೧೬ರ ಮಾರ್ಚಿಯಲ್ಲಿ ಹಲಸೂರಿನ ಕೆರೆಯೇ ತೋರಿಸಿತು. ಕೊಳಚೆ ಸೇರಿದ ಆ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು.

ಆದುದರಿಂದ ಮುಚ್ಚಿದ ಡಬ್ಬಿಯೊಳಗೆ ನೀರನ್ನೊತ್ತುವ ಕ್ಯಾನಿಸ್ಟರ್ ಫಿಲ್ಟರನ್ನು, ಅದೆಷ್ಟೇ ಅಚ್ಚುಕಟ್ಟಾಗಿದ್ದರೂ, ಇಲ್ಲಿಯ ದೊಡ್ಡ ಕೊಳಕ್ಕೆ ಮುಖ್ಯ ಸಾಧನವಾಗಿ ನಾನು ಒಪ್ಪಲಾರೆ. ಅದು ನೀರಿನಲ್ಲಿರುವ ಆಮ್ಲಜನಕವನ್ನೇ ನಂಬಿರುವಂಥದು. ವಿದ್ಯುತ್ತು ಕೆಲವು ಗಂಟೆ ನಿಂತರೆ ಒಳಗಿನ ಜೀವಿಗಳು ಉಸಿರುಗಟ್ಟಿ ಸಾಯುತ್ತವೆ, ವಿದ್ಯುತ್ತು ಮರಳಿದಾಗ ಆ ಕೊಳೆತವೇ ಕೊಳಕ್ಕೆ ಹರಿಯುತ್ತದೆ. ತೆರೆದ ಹಾಸಿನ ಮೇಲೆ ನೀರನ್ನು ತೊಟ್ಟಿಕ್ಕಿಸಿ ಕೆಳಗಿನ ತೊಟ್ಟಿಗೆ ಇಳಿಸುವ ಕ್ರಮವು ಗಾಳಿಯಿಂದಲೇ ಆಮ್ಲಜನಕವನ್ನು ಪಡೆಯುತ್ತದೆ. ಆ ಕೆಳಗಿನ ತೊಟ್ಟಿಗೆ ಈ ಕಸುಬಿನವರು ‘ಸಂಪ್’ ಎನ್ನುತ್ತಾರೆ. ಎರಡು ದಿನಕ್ಕೊಮ್ಮೆ ಬರುವ ಕೊಳಾಯಿ ನೀರನ್ನು ನೆಲದಡಿಯ ಸಂಪಿನಲ್ಲಿ ತುಂಬಿಕೊಳ್ಳುವ ಬೆಂಗಳೂರಿಗರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ. ಲಾಯ್ಡನ ನೆಲಮಾಳಿಗೆಯೂ ಇದೇ.

ಇದಕ್ಕೆ ಮುಂಚೆ ನೊರೆ ತೆಗೆಯುವ ಸ್ಕಿಮ್ಮರ್ ಇರಬೇಕು. ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದರೊಳಗೊಂದು ಬೇಗನೆ ಕೂಡಿಕೊಳ್ಳವು. ಅವುಗಳ ಮೈಗೆ ಮೀನಿನ ಲೋಳೆ, ಮಿಕ್ಕ ಆಹಾರದ ಸಾರ ಮೊದಲಾದುವು ಅಂಟಿ ನೊರೆಯಾಗಿ ಮೇಲೇರುತ್ತವೆ. ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಅಲೆ ದಡಕ್ಕೆ ತಂದೊಡ್ಡುವ ನೊರೆಯನ್ನು ಕಂಡವರು ಇದನ್ನು ಊಹಿಸಬಲ್ಲರು. ಕೊಳೆಯು ಅಮೋನಿಯವಾಗುವ ಮೊದಲೇ ಹೊರಬೀಳುವುದರಿಂದ ಹಾಸಿನ ಹೊರೆ ತಗ್ಗುತ್ತದೆ. ಜ್ಯುವೆಲ್ಲಿನ ವಂಶದ ವೇಗದ ಮರಳುಶೋಧಕ ಬೇಡವೆಂದಲ್ಲ. ಕಸವನ್ನು ಹಿಡಿದು ಆಗಾಗ ತೊಳೆಸಿಕೊಳ್ಳುವ ಸೇವಕನಾಗಿ ಅದಿರಲಿ. ಬಟ್ಟೆಯ ಚೀಲವೂ ಆ ಕೆಲಸವನ್ನು ಮಾಡುತ್ತದೆ, ಅಗ್ಗವಾಗಿ.

ಉಪ್ಪನ್ನು ಕರಗಿಸುವ ನೀರು ಯಾವುದೆಂಬುದೂ ಇದಕ್ಕೆ ಸೇರಿದ ಪ್ರಶ್ನೆಯೇ. ಕಾವೇರಿಯ ಕೊಳಾಯಿ ನೀರಿನಲ್ಲಿ ಕ್ಲೋರಿನ್ ಉಂಟು. ಅದನ್ನು ಕಳೆಯದೆ ಸುರಿದರೆ ಹಾಸಿನ ಜೀವಿಗಳಿಗೂ ಮೀನಿಗೂ ಕೇಡು. ಕೆ.ಆರ್. ಪುರದ ಕಡೆ ಕೊಳವೆಬಾವಿಯನ್ನು ನೆಚ್ಚಿದ ಮನೆಗಳು ಬಹಳ. ಬೆಂಗಳೂರಿನ ಅನೇಕ ಕೊಳವೆಬಾವಿಗಳಲ್ಲಿ ಗಡಸುತನದೊಡನೆ ನೈಟ್ರೇಟೂ ಕಂಡುಬಂದಿದೆ. ಹಾಸಿನ ಕೆಲಸದಿಂದ ಉಳಿದ ನೈಟ್ರೇಟನ್ನು ಇಳಿಸಲೆಂದೇ ಆಗಾಗ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸುವುದು. ನೈಟ್ರೇಟುಳ್ಳ ನೀರನ್ನೇ ಮತ್ತೆ ಸುರಿದರೆ ಶ್ರಮ ವ್ಯರ್ಥ. ಆರ್.ಓ. ಯಂತ್ರದ ನೀರಿನಲ್ಲಿ ಉಪ್ಪನ್ನು ಕರಗಿಸುವುದೇ ಮೇಲು.

ಕೊಂಡು ತಂದ ದಿನ ಯಾವ ಹಾಸೂ ಶೋಧಕವಲ್ಲ, ಬರಿಯ ಕಲ್ಲು. ಮೊದಲು ಅಮೋನಿಯವೇರುತ್ತದೆ, ಬಳಿಕ ನೈಟ್ರೈಟು, ಕೊನೆಗೆ ನೈಟ್ರೇಟು. ಮೊದಲಿನವೆರಡೂ ಇಳಿಯುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಉಪ್ಪುನೀರಿನಲ್ಲಿ ಕೆಲವೊಮ್ಮೆ ಇನ್ನೂ ಹೆಚ್ಚು. ನೆಲೆಗೊಂಡ ಬೇರೊಂದು ಕೊಳದಿಂದ, ಅಲ್ಲಿ ರೋಗವಿಲ್ಲವೆಂದು ನೋಡಿ, ಒಂದು ಹಿಡಿ ಹಳೆಯ ಮರಳನ್ನು ತಂದು ಹಾಕಿದರೆ ಹೆಪ್ಪಿಟ್ಟ ಹಾಲಿನಂತೆ ಕೆಲಸವು ಬೇಗ ಸಾಗುತ್ತದೆ. ಅಷ್ಟು ದಿನ ಆ ಐದು ಸಾವಿರ ಲೀಟರು ನೀರು ತಿಳಿಯಾಗಿಯೇ ಇರುತ್ತದೆ, ಮೀನಿಲ್ಲದೆ.