ಕೆಫೀನ್ ಕಳೆದ ಕಾಫಿ: ಬೆಕ್ಕಿನ ಕಣ್ಣಿನಿಂದ ಬಸುರಿಯ ಲೋಟದವರೆಗೆ

ಜರ್ಮನಿಯ ಯೇನಾ ನಗರದಲ್ಲಿ 1819ರ ಒಂದು ದಿನ 25 ವರ್ಷದ ಯುವಕನೊಬ್ಬ ಬೆಕ್ಕೊಂದನ್ನು ಎತ್ತಿಕೊಂಡು ಮಹಾಕವಿ ಗಯಟೆಯನ್ನು ಕಾಣಲು ಹೋದ. ಹೆಸರು ಫ್ರೀಡ್‌ಲೀಬ್ ರುಂಗೆ, ಓದಿದ್ದು ವೈದ್ಯ ಮತ್ತು ರಸಾಯನಶಾಸ್ತ್ರ. ಬೆಲ್ಲಡೋನಾ ಎಂಬ ವಿಷದ ಗಿಡದ ಸಾರ ತಾಗಿದರೆ ಕಣ್ಣಿನ ಪಾಪೆ ಹೇಗೆ ಹಿಗ್ಗುತ್ತದೆ ಎಂಬುದನ್ನು ಆತ ಆ ಬೆಕ್ಕಿನ ಕಣ್ಣಿನಲ್ಲಿ ತೋರಿಸಿದ. ಮೆಚ್ಚಿದ ಗಯಟೆ ಒಂದು ಪೊಟ್ಟಣ ಕಾಫಿ ಬೀಜ ಕೊಟ್ಟು, ಇದರಲ್ಲೇನಿದೆ ನೋಡು ಎಂದು ಕಳಿಸಿದನಂತೆ. ರುಂಗೆ ಅದರಿಂದ ಬೇರ್ಪಡಿಸಿದ ಬಿಳಿಯ ಪದಾರ್ಥವೇ ಕೆಫೀನ್.

ಕಾಫಿಯ ಚುರುಕಿಗೆ ಕಾರಣವೇನೆಂದು ಹೀಗೆ ತಿಳಿಯಿತು. ಆ ಕಾರಣವನ್ನೇ ತೆಗೆದುಹಾಕಿ ಕಾಫಿಯನ್ನು ಮಾತ್ರ ಉಳಿಸಿಕೊಳ್ಳಬೇಕು ಎಂಬ ಯೋಚನೆ ಫಲಿಸಲು ಇನ್ನೂ 80 ವರ್ಷ ಬೇಕಾದವು. ಬ್ರೆಮೆನ್ ಬಂದರಿನ ಕಾಫಿ ವ್ಯಾಪಾರಿ ಲುಡ್ವಿಗ್ ರೊಸೆಲಿಯಸ್ ತನ್ನ ತಂದೆ ಅಕಾಲದಲ್ಲಿ ಸತ್ತದ್ದು ಅತಿಯಾದ ಕಾಫಿಯಿಂದಲೇ ಎಂದು ನಂಬಿದ್ದ. ಹಡಗಿನಲ್ಲಿ ಬಂದ ಬೀಜ ಸಮುದ್ರದ ನೀರಿನಲ್ಲಿ ನೆನೆದು ಹೋಗಿತ್ತೆಂದೂ, ಅದನ್ನು ಪರೀಕ್ಷಿಸುವಾಗ ಕೆಫೀನ್ ತೆಗೆಯುವ ದಾರಿ ಹೊಳೆಯಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಹೇಗಾದರೂ ಇರಲಿ, ಹಸಿ ಬೀಜವನ್ನು ಹಬೆಯಲ್ಲಿ ಉಬ್ಬಿಸಿ, ಬೆಂಜೀನ್ ದ್ರಾವಕದಲ್ಲಿ ತೊಳೆದು ಕೆಫೀನನ್ನು ಹೊರಗೆಳೆಯುವ ವಿಧಾನವನ್ನು ರೊಸೆಲಿಯಸ್ ಮತ್ತು ಸಂಗಡಿಗರು ರೂಪಿಸಿದರು. 1906ರಲ್ಲಿ 'ಕಾಫಿ ಹಾಗ್' ಕಂಪೆನಿ ಶುರುವಾಯಿತು. ಇದೇ ಕಾಫಿ ಫ್ರಾನ್ಸ್‌ನಲ್ಲಿ, ಆಮೇಲೆ ಅಮೆರಿಕದಲ್ಲಿ 'ಸಾಂಕಾ' ಎಂಬ ಹೆಸರು ಪಡೆಯಿತು. ಕೆಫೀನ್ ಇಲ್ಲದ್ದು ಎಂಬ ಅರ್ಥದ ಫ್ರೆಂಚ್ ಮಾತನ್ನು ಮೊಟಕು ಮಾಡಿದ ಹೆಸರು ಅದು.

ಇದೇ ವ್ಯಾಪಾರಿ ಬ್ರೆಮೆನ್‌ನಲ್ಲಿ 1927ರಲ್ಲಿ ಪೌಲಾ ಮೋಡರ್‌ಸೋನ್ ಬೆಕರ್ ಎಂಬ ಚಿತ್ರಕಾರ್ತಿಯ ಹೆಸರಿನಲ್ಲಿ ಒಂದು ಕಲಾಮಂದಿರ ಕಟ್ಟಿಸಿದ. ತನ್ನನ್ನು ಬಸುರಿಯಾಗಿ ಕಲ್ಪಿಸಿ ಚಿತ್ರ ಬರೆದುಕೊಂಡ ಆಕೆ, 1907ರಲ್ಲಿ ಹೆರಿಗೆಯಾಗಿ 18 ದಿನಕ್ಕೆ ತೀರಿಕೊಂಡಳು. ಕಾಫಿಗೂ ಆ ಸಾವಿಗೂ ಸಂಬಂಧವೇನೂ ಇಲ್ಲ. ಆದರೂ ಬಾಣಂತಿಯ ಜೀವ ಅಷ್ಟು ಹಗುರಾಗಿದ್ದ ಕಾಲದಲ್ಲಿ ಈ ಹೊಸ ಕಾಫಿ ಹುಟ್ಟಿತು ಎಂಬುದು ನೆನಪಿನಲ್ಲಿರಬೇಕು.

ಹೃದಯಕ್ಕೆ ಹಿತ, ನಿದ್ದೆಗೆ ಭಂಗವಿಲ್ಲ ಎಂದೇ ಮಾರಾಟವಾಗುತ್ತಿದ್ದ ಈ ಕಾಫಿಯ ಹತ್ತಿರ ಗರ್ಭಿಣಿಯರನ್ನು ಜೋರಾಗಿ ತಳ್ಳಿದ್ದು 1980ರ ಸೆಪ್ಟೆಂಬರ್. ಗರ್ಭಿಣಿಯರು ಕೆಫೀನನ್ನು ಬಿಡಬೇಕು, ಇಲ್ಲವೇ ಕಡಿಮೆ ಮಾಡಬೇಕು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಗ ಎಚ್ಚರಿಸಿತು. ಆಧಾರವಾಗಿದ್ದುದು ಇಲಿಗಳ ಮೇಲಿನ ಪ್ರಯೋಗ. ಬಸುರಿ ಇಲಿಗಳ ಹೊಟ್ಟೆಗೆ ನಳಿಕೆಯ ಮೂಲಕ ಭಾರಿ ಪ್ರಮಾಣದ ಕೆಫೀನನ್ನು ಒಂದೇ ಸಲ ಇಳಿಸಿದಾಗ ಕೆಲವು ಮರಿಗಳಿಗೆ ಬೆರಳುಗಳೇ ಮೂಡಿರಲಿಲ್ಲ. ಮನುಷ್ಯರು ಕಾಫಿ ಕುಡಿಯುವುದು ಹಾಗಲ್ಲವಲ್ಲ! 1982ರಲ್ಲಿ ಬಾಸ್ಟನ್‌ನ ಸಂಶೋಧಕರು 12,000ಕ್ಕೂ ಹೆಚ್ಚು ತಾಯಂದಿರ ವಿವರ ನೋಡಿದರು. ಹೆಚ್ಚು ಕಾಫಿ ಕುಡಿಯುವವರಲ್ಲಿ ಅನೇಕರು ಸಿಗರೇಟನ್ನೂ ಸೇದುತ್ತಿದ್ದರು. ಆ ಲೆಕ್ಕ ಕಳೆದ ಮೇಲೆ ಕಾಫಿಯ ಮೇಲೆ ಹೊರಿಸಲು ದೋಷವೇನೂ ಉಳಿಯಲಿಲ್ಲ.

ಹಾಗೆಂದು ಎಚ್ಚರಿಕೆ ಸುಳ್ಳಾಗಲಿಲ್ಲ. ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವ ಬಸುರಿನಲ್ಲಿ ಮಂದವಾಗುತ್ತದೆ. ಬೇರೆ ದಿನಗಳಲ್ಲಿ ನಾಲ್ಕೈದು ಗಂಟೆಯಲ್ಲಿ ಅರ್ಧಕ್ಕಿಳಿಯುವ ಕೆಫೀನ್, ಕೊನೆಯ ತಿಂಗಳುಗಳಲ್ಲಿ ಹಾಗಾಗಲು ಸುಮಾರು 15 ಗಂಟೆ ಹಿಡಿಯಬಹುದು. ಬೆಳಗಿನ ಲೋಟದ ಪಾಲು ರಾತ್ರಿಯೂ ರಕ್ತದಲ್ಲಿರುತ್ತದೆ ಎಂದಾಯಿತು. ಅದು ಮಾಸುಚೀಲವನ್ನು ದಾಟಿ ಶಿಶುವನ್ನೂ ಮುಟ್ಟುತ್ತದೆ, ಶಿಶುವಿನಲ್ಲಿ ಆ ಕಿಣ್ವ ಇನ್ನೂ ಹುಟ್ಟಿರುವುದೇ ಇಲ್ಲ. ಕೆಫೀನ್ ಹೆಚ್ಚಿದಂತೆ ಕೂಸಿನ ತೂಕ ಕುಗ್ಗುವ ಸಾಧ್ಯತೆ ಕಂಡ ಮೇಲೆ ಬ್ರಿಟನ್ 2008ರಲ್ಲಿ ದಿನದ ಮಿತಿಯನ್ನು 300 ಮಿಲಿಗ್ರಾಂನಿಂದ 200ಕ್ಕೆ ಇಳಿಸಿತು. ಅಮೆರಿಕದ ಪ್ರಸೂತಿ ತಜ್ಞರ ಸಂಘ 2010ರಲ್ಲಿ ಹೇಳಿದ್ದೂ 200ನ್ನೇ. 300ಕ್ಕಿಂತ ಹೆಚ್ಚು ಸೇವಿಸುವವರು ಕಡಿಮೆ ಮಾಡಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆ.

ಕೆಫೀನ್ ಕಳೆದ ಕಾಫಿಯ ಒಂದು ಕಪ್ಪಿನಲ್ಲಿ ಉಳಿಯುವುದು ಕೆಲವೇ ಮಿಲಿಗ್ರಾಂ. ಮಿತಿಯ ಮಾತು ಅಲ್ಲಿಗೆ ಮುಗಿಯಿತು, ಆದರೆ ತೊಳೆದ ದ್ರಾವಕದ ಚಿಂತೆ ಮುಗಿಯಲಿಲ್ಲ. ರೊಸೆಲಿಯಸ್‌ನ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದೆಂದು ಗೊತ್ತಾಗಿ ಹಿಂದೆ ಸರಿಯಿತು. ಅಮೆರಿಕದಲ್ಲಿ ಬಳಕೆಯಲ್ಲಿದ್ದ ಟ್ರೈಕ್ಲೋರೊಎಥಿಲೀನ್ ಕೂಡ 1970ರ ದಶಕದಲ್ಲಿ ಅದೇ ಸಂಶಯಕ್ಕೆ ಸಿಕ್ಕಿ ಹೊರಬಿತ್ತು. ಅದರ ಜಾಗಕ್ಕೆ ಬಂದ ಮೀಥೈಲೀನ್ ಕ್ಲೋರೈಡನ್ನು ಹಲವು ಕಾರ್ಖಾನೆಗಳು ಇಂದಿಗೂ ಬಳಸುತ್ತವೆ. ಹುರಿಯುವಾಗ ಅದು ಬಹುತೇಕ ಆವಿಯಾಗುತ್ತದೆ. ಉಳಿಕೆ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದೆಂದು ಅಮೆರಿಕದ ನಿಯಮ. ಬಣ್ಣ ಕೆರೆಯುವಂಥ ಕೆಲಸಗಳಲ್ಲಿ ಆ ದ್ರಾವಕವನ್ನು ಅಲ್ಲಿಯ ಪರಿಸರ ಸಂಸ್ಥೆ 2024ರಲ್ಲಿ ನಿಷೇಧಿಸಿತು, ಆಹಾರ ಅದರ ವ್ಯಾಪ್ತಿಗೆ ಬರಲಿಲ್ಲ. ದ್ರಾವಕವೇ ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. 1967ರಲ್ಲಿ ಜರ್ಮನಿಯ ಕುರ್ಟ್ ತ್ಸೋಸೆಲ್ ಒತ್ತಡದ ಇಂಗಾಲದ ಡೈಆಕ್ಸೈಡ್ ಈ ಕೆಲಸ ಮಾಡಬಲ್ಲದೆಂದು ಕಂಡುಕೊಂಡ. ಬರಿಯ ನೀರು ಮತ್ತು ಇದ್ದಿಲಿನಿಂದ ಕೆಫೀನ್ ತೆಗೆಯುವ ವಿಧಾನವೂ ಬಂದಿದೆ.

ಒಂದು ಅಧ್ಯಯನವಂತೂ ಎಲ್ಲರನ್ನೂ ಗಲಿಬಿಲಿಗೊಳಿಸಿತು. 1997ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ವರದಿಯಲ್ಲಿ, ಮೊದಲ ಮೂರು ತಿಂಗಳು ದಿನಕ್ಕೆ ಮೂರು ಅಥವಾ ಹೆಚ್ಚು ಕಪ್ ಕೆಫೀನ್‌ರಹಿತ ಕಾಫಿ ಕುಡಿದವರಲ್ಲೇ ಗರ್ಭಪಾತ ಹೆಚ್ಚಾಗಿ ಕಂಡಿತು! ಕಾಫಿಯೇ ಕಾರಣವೆಂದು ಸಂಶೋಧಕರು ಹೇಳಲಿಲ್ಲ. ಗರ್ಭ ಚೆನ್ನಾಗಿ ನಿಂತಾಗ ವಾಕರಿಕೆ ಹೆಚ್ಚು, ಕಾಫಿಯ ವಾಸನೆಯೇ ಬೇಡವೆನಿಸುತ್ತದೆ. ಗರ್ಭ ಸೊರಗಿದ್ದರೆ ವಾಕರಿಕೆ ಕಡಿಮೆ, ಕಾಫಿ ಎಂದಿನಂತೆ ಸಾಗುತ್ತದೆ. ಹಾಗಾದರೆ ಕಾಫಿ ಕಾರಣವೋ, ಗುರುತೋ? ಮಗುವನ್ನು ಕಳೆದುಕೊಂಡ ಹೆಂಗಸು ತಾನು ಕುಡಿದ ಲೋಟಗಳನ್ನು ಎಣಿಸುತ್ತ ಕೂರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ನಮ್ಮ ಮನೆಗಳಲ್ಲಿ ಹಿರಿಯರು ಬಸುರಿಗೆ ಕಾಫಿ ಬೇಡವೆನ್ನುತ್ತಿದ್ದುದು ಮಗು ಕಪ್ಪಾಗುತ್ತದೆ ಎಂದು. ಆ ಮಾತಿಗೆ ಆಧಾರವಿಲ್ಲ. ಚಿಂತಿಸಬೇಕಾದದ್ದು ಡಿಕಾಕ್ಷನ್ನಿನ ಗಟ್ಟಿತನವನ್ನು, ಬೀಜದ ಜಾತಿಯನ್ನು. ಕೊಡಗು, ಚಿಕ್ಕಮಗಳೂರುಗಳಲ್ಲಿ ಬೆಳೆಯುವ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಹಾಗಾಗಿ ಎರಡು ಲೋಟ ಎಂದರೆ ಎಷ್ಟು ಎಂಬುದಕ್ಕೆ ಮನೆಮನೆಗೂ ಬೇರೆ ಉತ್ತರ. ಚಿಕೋರಿಯಲ್ಲಿ ಮಾತ್ರ ಕೆಫೀನ್ ಇಲ್ಲವೇ ಇಲ್ಲ. ಕಾಸು ಉಳಿಸಲು ಪುಡಿಗೆ ಚಿಕೋರಿ ಹೆಚ್ಚಾಗಿ ಬೆರೆಸುತ್ತಿದ್ದ ಮನೆಯ ಬಸುರಿಗೆ, ಯಾರೂ ಹೇಳದೆಯೇ ಅಷ್ಟರಮಟ್ಟಿಗೆ ಕೆಫೀನ್ ಕಡಿಮೆ ಸಿಗುತ್ತಿತ್ತು.