ಸರ್ಕಾರದ ಮಾತು ಯಾರ ಗೋಡೆಯ ಮೇಲೆ?

2021ರ ಫೆಬ್ರುವರಿ 18ರ ಬೆಳಿಗ್ಗೆ ಆಸ್ಟ್ರೇಲಿಯಾದ ಜನ ಫೇಸ್‌ಬುಕ್ ತೆರೆದರೆ ಅಲ್ಲಿ ಸುದ್ದಿಯೇ ಇರಲಿಲ್ಲ. ಪತ್ರಿಕೆಗಳ ಸುದ್ದಿಗೆ ಜಾಲತಾಣಗಳು ಹಣ ಕೊಡಬೇಕೆಂಬ ಕಾನೂನನ್ನು ತರಲು ಅಲ್ಲಿನ ಸರ್ಕಾರ ಹೊರಟಿತ್ತು. ಅದಕ್ಕೆ ಪ್ರತಿಯಾಗಿ ಕಂಪೆನಿಯು ಸುದ್ದಿಯನ್ನೇ ನಿಲ್ಲಿಸಿಬಿಟ್ಟಿತ್ತು. ಆದರೆ ಬೀಸಿದ ಬಲೆಗೆ ಬಿದ್ದದ್ದು ಪತ್ರಿಕೆಗಳಷ್ಟೇ ಅಲ್ಲ. ಹವಾಮಾನ ಇಲಾಖೆಯ ಪುಟ ಖಾಲಿಯಾಯಿತು. ಕ್ವೀನ್ಸ್‌ಲ್ಯಾಂಡ್ ಮತ್ತು ದಕ್ಷಿಣ ಆಸ್ಟ್ರೇಲಿಯಾ ರಾಜ್ಯಗಳ ಆರೋಗ್ಯ ಇಲಾಖೆಗಳ ಪುಟಗಳೂ, ಪಶ್ಚಿಮ ಆಸ್ಟ್ರೇಲಿಯಾದ ಅಗ್ನಿಶಾಮಕ ಇಲಾಖೆಯ ಪುಟವೂ ಬರಿದಾದವು. ಅದು ಕಾಳ್ಗಿಚ್ಚಿನ ಕಾಲ. ಕೋವಿಡ್ ಲಸಿಕೆ ಆರಂಭಕ್ಕೆ ಉಳಿದಿದ್ದುದು ಕೆಲವೇ ದಿನ.

ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲವೆಂದು ಹೇಳಿದ ಕಂಪೆನಿ, ಆ ಪುಟಗಳನ್ನು ಬೇಗನೆ ಮರಳಿಸಿತು. ಆದರೆ ಅಂದು ಎದ್ದ ಪ್ರಶ್ನೆ ಹಾಗೆಯೇ ಉಳಿದಿದೆ. ಬೆಂಕಿ ಬಿದ್ದಿದೆ, ಎಚ್ಚರ ಎಂದು ಊರಿಗೆ ಸಾರುವ ಡಂಗುರ ಈಗ ಯಾರ ಕೈಯಲ್ಲಿದೆ?

ಎರಡು ವರ್ಷಗಳ ನಂತರ ನ್ಯೂಯಾರ್ಕ್ ನಗರದಲ್ಲೂ ಇದೇ ಪ್ರಶ್ನೆ ಬಂತು. ರೈಲು ತಡ, ಬಸ್ಸು ಮಾರ್ಗ ಬದಲು ಮುಂತಾದ ಸೂಚನೆಗಳನ್ನು ಅಲ್ಲಿನ ಸಾರಿಗೆ ಸಂಸ್ಥೆ ಟ್ವಿಟರ್ ಮೂಲಕ ಕೊಡುತ್ತಿತ್ತು. ಒಡೆತನ ಬದಲಾದ ಮೇಲೆ ಟ್ವಿಟರ್, ಯಂತ್ರದ ಮೂಲಕ ಸಂದೇಶ ಹಾಕುವವರಿಗೆ ಭಾರಿ ಶುಲ್ಕ ವಿಧಿಸಿತು. 2023ರ ಏಪ್ರಿಲ್‌ನಲ್ಲಿ ಸಾರಿಗೆ ಸಂಸ್ಥೆ ಅಲ್ಲಿ ಸೂಚನೆ ಕೊಡುವುದನ್ನೇ ನಿಲ್ಲಿಸಿತು. ಮೇ ತಿಂಗಳಲ್ಲಿ ಟ್ವಿಟರ್ ಸಾರ್ವಜನಿಕ ಸೇವೆಗಳಿಗೆ ಶುಲ್ಕ ವಿನಾಯಿತಿ ಕೊಟ್ಟಿತು; ಸೂಚನೆಗಳು ಮರಳಿ ಬಂದವು. ಆದರೆ ಅದೇ ಬೇಸಿಗೆಯಲ್ಲಿ, ಖಾತೆ ಇಲ್ಲದವರು ಸ್ವಲ್ಪ ಕಾಲ ಅಲ್ಲಿ ಏನನ್ನೂ ಓದಲಾಗದಂತೆ ಕಂಪೆನಿ ಬಾಗಿಲು ಹಾಕಿತು. ಕೊಟ್ಟದ್ದೂ ಅವರೇ, ಕಸಿದದ್ದೂ ಅವರೇ.

ದೂರದ ಮಾತೇಕೆ? ನಮ್ಮ ಬೆಂಗಳೂರಿನ 'ಕೂ' ಜಾಲ 2020ರಲ್ಲಿ ಮೊದಲು ಕನ್ನಡದಲ್ಲೇ ಆರಂಭವಾಯಿತು. ದೇಶೀಯ ಜಾಲವೆಂಬ ಅಭಿಮಾನದಿಂದ ಕೇಂದ್ರದ ಹಲವು ಸಚಿವಾಲಯಗಳು ಅಲ್ಲಿ ಖಾತೆ ತೆರೆದವು. 2024ರ ಜುಲೈನಲ್ಲಿ ಅದನ್ನು ಮುಚ್ಚುವುದಾಗಿ ಸ್ಥಾಪಕರು ಪ್ರಕಟಿಸಿದರು. ಕಂಪೆನಿ ದೇಶೀಯವಾದ ಮಾತ್ರಕ್ಕೆ ಅಂಗಡಿ ಮುಚ್ಚುವುದಿಲ್ಲ ಎಂದೇನಿಲ್ಲವಲ್ಲ!

ಹಾಗಾದರೆ ದಾರಿ ಯಾವುದು? ಇದಕ್ಕೆ ಅಂಚೆಯ ಇತಿಹಾಸದಲ್ಲಿ ಒಂದು ಹೊಳಹು ಸಿಗುತ್ತದೆ.

19ನೆಯ ಶತಮಾನದ ನಡುವಿನವರೆಗೆ ಒಂದು ದೇಶದಿಂದ ಇನ್ನೊಂದಕ್ಕೆ ಕಾಗದ ಬರೆಯುವುದು ದೊಡ್ಡ ತಲೆನೋವಾಗಿತ್ತು. ಎರಡೆರಡು ದೇಶಗಳ ನಡುವೆ ಬೇರೆಬೇರೆ ಒಪ್ಪಂದ, ಹೋಗುವ ದಾರಿಗೊಂದು ದರ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಒಂದು ಒಪ್ಪಂದಕ್ಕೆ ಬಂದವು. ಯಾರೂ ತಮ್ಮ ಅಂಚೆ ಇಲಾಖೆಯನ್ನು ಬಿಟ್ಟುಕೊಡಲಿಲ್ಲ. ನಿನ್ನ ಕಾಗದವನ್ನು ನಾನು ತಲುಪಿಸುತ್ತೇನೆ, ನನ್ನದನ್ನು ನೀನು ತಲುಪಿಸು ಎಂಬ ನಿಯಮವನ್ನಷ್ಟೇ ಒಪ್ಪಿಕೊಂಡವು. ಭಾರತ 1876ರಲ್ಲಿ ಆ ಒಕ್ಕೂಟ ಸೇರಿತು.

ಇದಕ್ಕೆ ಬೇರೆಯದೇ ಆದ ಇನ್ನೊಂದು ದಾರಿಯೂ ಇತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ ಎರಡು ಶತಮಾನ ನಡೆದು, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಎರಡು ಅಂಚೆಗಳು ಒಂದಾಗಬೇಕಾದರೆ ದೊಡ್ಡದು ಚಿಕ್ಕದನ್ನು ನುಂಗಬಹುದು. ಇಲ್ಲವೇ ಎರಡೂ ಉಳಿದು ಒಂದು ನಿಯಮಕ್ಕೆ ಬದ್ಧವಾಗಬಹುದು. ಇಂದಿನ ದೊಡ್ಡ ಸಾಮಾಜಿಕ ಜಾಲಗಳು ಮೊದಲ ದಾರಿಯವು. ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಉತ್ತರಿಸಲು ಫೇಸ್‌ಬುಕ್ ಖಾತೆಯೇ ಬೇಕು.

ಎರಡನೆಯ ದಾರಿಯ ಜಾಲವೂ ಇದೆ. ಜರ್ಮನಿಯ ಯುವಕ ಯೂಜೆನ್ ರೋಚ್ಕೊ 2016ರಲ್ಲಿ 'ಮಾಸ್ಟೊಡಾನ್' ಎಂಬ ತಂತ್ರಾಂಶವನ್ನು ಹೊರತಂದರು. ಇದನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡು ತಮ್ಮದೇ ಜಾಲ ನಡೆಸಬಹುದು. ಒಂದು ಜಾಲದಲ್ಲಿರುವವರು ಇನ್ನೊಂದರಲ್ಲಿರುವವರನ್ನು ಹಿಂಬಾಲಿಸಬಹುದು, ಉತ್ತರಿಸಬಹುದು. ಈ ಕೊಡುಕೊಳ್ಳುವಿಕೆಯ ನಿಯಮಕ್ಕೆ 'ಆಕ್ಟಿವಿಟಿಪಬ್' ಎಂದು ಹೆಸರು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಇದಕ್ಕೆ ಮನ್ನಣೆ ನೀಡಿತು. ಇದು ಈ ಕಾಲದ ಬರ್ನ್ ಒಪ್ಪಂದ ಎನ್ನಬಹುದು.

ಇದರ ಮಹತ್ವವನ್ನು ಬೇಗ ಅರಿತವರು ಯೂರೋಪಿನ ಖಾಸಗಿ ಮಾಹಿತಿ ರಕ್ಷಣಾಧಿಕಾರಿಗಳು. ಜನರಿಗೆ ಸರ್ಕಾರದ ಮಾತು ಬೇಕಾದರೆ ಅವರು ತಮ್ಮ ಮಾಹಿತಿಯನ್ನು ಖಾಸಗಿ ಕಂಪೆನಿಗೆ ಒಪ್ಪಿಸಬೇಕೇ ಎಂಬುದು ಅವರ ಆಕ್ಷೇಪ. 2020ರಲ್ಲಿ ಜರ್ಮನಿಯ ಕೇಂದ್ರ ಮಾಹಿತಿ ರಕ್ಷಣಾ ಆಯುಕ್ತರ ಕಚೇರಿ ಸರ್ಕಾರಿ ಸಂಸ್ಥೆಗಳಿಗಾಗಿಯೇ ಒಂದು ಮಾಸ್ಟೊಡಾನ್ ಜಾಲ ತೆರೆಯಿತು. 2022ರ ಏಪ್ರಿಲ್‌ನಲ್ಲಿ ಯೂರೋಪಿಯನ್ ಒಕ್ಕೂಟದ ಮಾಹಿತಿ ರಕ್ಷಣಾ ಮೇಲ್ವಿಚಾರಕರು 'ಇಯು ವಾಯ್ಸ್' ಎಂಬ ಪ್ರಯೋಗ ಆರಂಭಿಸಿದರು. 2023ರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರವೂ ತನ್ನದೇ ಜಾಲ ತೆರೆಯಿತು. ಇಂಥ ಕಡೆ ವಿಳಾಸದ ಕೊನೆಯಲ್ಲಿ ಸರ್ಕಾರದ ಹೆಸರೇ ಇರುವುದರಿಂದ ಖಾತೆ ಅಸಲಿಯೋ ನಕಲಿಯೋ ಎಂಬ ಸಂಶಯಕ್ಕೆ ಎಡೆ ಕಡಿಮೆ.

ಎಲ್ಲವೂ ಸುಗಮವಾಗಿದೆ ಎಂದಲ್ಲ. 'ಇಯು ವಾಯ್ಸ್' ಪ್ರಯೋಗ 2024ರ ಮೇ ತಿಂಗಳಲ್ಲಿ ಮುಗಿಯಿತು. ಅದನ್ನು ವಹಿಸಿಕೊಳ್ಳಲು ಒಕ್ಕೂಟದ ಬೇರಾವ ಸಂಸ್ಥೆಯೂ ಮುಂದೆ ಬರಲಿಲ್ಲ. ಸರ್ಕಾರಿ ಮನೆಯ ದೀಪವೂ ಎಣ್ಣೆ ಹೊಯ್ಯುವವರಿಲ್ಲದೆ ಆರುತ್ತದೆ. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಮಾಸ್ಟೊಡಾನ್‌ನಲ್ಲಿ ಮನೆ ಬದಲಿಸುವವರು ತಮ್ಮ ಹಿಂಬಾಲಕರನ್ನು ಹೊಸ ವಿಳಾಸಕ್ಕೆ ಕರೆದೊಯ್ಯಬಹುದು. ಹಳೆಯ ಬರಹಗಳು ಮಾತ್ರ ಹಿಂದೆಯೇ ಉಳಿಯುತ್ತವೆ. ಯೂರೋಪಿಯನ್ ಆಯೋಗ ಈಗ ತನ್ನದೇ ವಿಳಾಸದಲ್ಲಿ ಜಾಲ ನಡೆಸುತ್ತಿದೆ. 'ಕೂ' ಬಾಗಿಲು ಹಾಕಿದಾಗ ಅಲ್ಲಿದ್ದ ಖಾತೆಗಳಿಗೆ ಈ ಅವಕಾಶ ಇರಲಿಲ್ಲ.

ಜನರೆಲ್ಲ ಫೇಸ್‌ಬುಕ್, ವಾಟ್ಸ್ಆ್ಯಪ್‌ಗಳಲ್ಲಿರುವಾಗ ಯಾರೂ ಇಲ್ಲದ ಬಯಲಿನಲ್ಲಿ ಡಂಗುರ ಸಾರಿ ಏನು ಫಲ ಎಂಬ ಪ್ರಶ್ನೆ ಸಹಜ. ಇರುವ ಕಡೆ ಬಿಟ್ಟು ಬನ್ನಿ ಎಂದು ಇಲಾಖೆಗಳಿಗೆ ಯಾರೂ ಹೇಳಬೇಕಾಗಿಲ್ಲ. ಸೂಚನೆ ಮೊದಲು ಸ್ವಂತ ಮನೆಯಲ್ಲಿ ಪ್ರಕಟವಾಗಲಿ, ಅದರ ಪ್ರತಿ ಉಳಿದೆಡೆಗೆ ಹೋಗಲಿ ಎಂಬುದಷ್ಟೇ ಈ ವಾದದ ತಿರುಳು. ತಾಲ್ಲೂಕು ಕಚೇರಿಯ ಸೂಚನಾ ಫಲಕ ಕಚೇರಿಯ ಗೋಡೆಯ ಮೇಲೇ ಇರುತ್ತದೆ. ಅದರ ಪ್ರತಿಯನ್ನು ಸಂತೆಯ ಅಂಗಡಿಗಳಿಗೆ ಅಂಟಿಸಿದರೆ ತಪ್ಪೇನಿಲ್ಲ. ಆದರೆ ಇರುವ ಒಂದೇ ಪ್ರತಿಯನ್ನು ಅಂಗಡಿಗೆ ಅಂಟಿಸಿ ಬಂದರೆ, ಅಂಗಡಿಯವನು ಗೋಡೆಗೆ ಸುಣ್ಣ ಹೊಡೆಸಿದ ದಿನ ಪ್ರವಾಹದ ಮುನ್ನೆಚ್ಚರಿಕೆಯೂ ಅಳಿಸಿಹೋಗುತ್ತದೆ.